ಖಾಲಿ ಓಣಿಯ ಗೆರೆ

ಹಟ್ಟಿಯ ಹಳೆಯ ಚಿನ್ನದ ಗಣಿ, ಹದಿನೆಂಟನೆಯ ಮಟ್ಟ
ಇಸವಿ 2261, ಫೆಬ್ರುವರಿ 31

ದ್ರಾಕ್ಷಾಯಣಿ ಅಜ್ಜಿಗೆ, ನಿನ್ನಿಂದ ಒಂಬತ್ತು ತಲೆಮಾರು ಈಚೆಗಿನ ಅಮರಮ್ಮ ಮಾಡುವ ಶರಣು ಶರಣಾರ್ಥಿ.

ತಾರೀಖು ನೋಡಿ ಯಾರೋ ಕುಚೋದ್ಯಕ್ಕೆ ಬರೆದ ಕಾಗದವೆಂದು ಮಡಚಿ ಬಿಸಾಡಬೇಡ. ನಮ್ಮಲ್ಲಿ ಫೆಬ್ರುವರಿಗೂ ಮೂವತ್ತೊಂದು ದಿನ. ಮೇ, ಜುಲೈ, ಆಗಸ್ಟುಗಳಿಂದ ಒಂದೊಂದು ದಿನ ಕಿತ್ತು ಈ ಬಡಪಾಯಿ ತಿಂಗಳಿಗೆ ಕೊಟ್ಟು ನೂರು ವರ್ಷದ ಮೇಲಾಯಿತು. ನನ್ನ ಮಾತು ನಿನಗೆ ಅಲ್ಲಲ್ಲಿ ಅಪರಿಚಿತವೆನಿಸಿದರೆ ಕ್ಷಮೆಯಿರಲಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಹೆಚ್ಚಾಗಿ ನಿನ್ನ ನೋಟ್‌ಬುಕ್ಕಿನಿಂದ. ಅದರಲ್ಲಿ ಅರ್ಧ ಇಂಗ್ಲಿಷು, ಉಳಿದರ್ಧದಲ್ಲಿ ಚಹಾದ ಕಲೆ. ನಿನಗೀಗ ಇಪ್ಪತ್ತೇಳು ವರ್ಷ, ನನಗೆ ಐವತ್ತೆರಡು. ಆದರೂ ಅಜ್ಜಿ ನೀನೇ, ಏಕವಚನದಲ್ಲಿ ಮಾತಾಡಿಸುವ ಸಲುಗೆ ನನ್ನದು. ನಿನಗಿನ್ನೂ ಮದುವೆಯಾಗಿಲ್ಲವೆಂದು ಗೊತ್ತು. ಯಾರ ಜೊತೆ ಆಗುತ್ತದೆಂದು ಹೇಳಿ ಈಗಲೇ ಹೆದರಿಸುವುದಿಲ್ಲ.

ಇಂಥ ಕಾಗದಕ್ಕೆ ನಾವು ಹಿಂದೋಲೆ ಎನ್ನುತ್ತೇವೆ. ನಮ್ಮ ಗಣಿಮನೆಯಲ್ಲಿ ಯಾರ ಪ್ರಯೋಗವಾದರೂ ಹಿಂದಿನವರು ಉಳಿಸಿಡದ ಒಂದು ಸಂಗತಿಗಾಗಿ ನಿಂತುಹೋದರೆ, ಅವರು ಆ ಹಿಂದಿನವರಿಗೆ ಕಾಗದ ಬರೆಯಬೇಕು. ಶಾಯಿಯಲ್ಲೇ ಬರೆಯಬೇಕು, ಯಂತ್ರದ ಮುಂದೆ ನಿಂತು ಗಟ್ಟಿಯಾಗಿ ಓದಬೇಕು, ಆಮೇಲೆ ಗೋಡೆಯೊಳಗಿನ ತಗಡಿನ ಪೆಟ್ಟಿಗೆಯಲ್ಲಿ ಇಡಬೇಕು. ಪೆಟ್ಟಿಗೆಯಿಂದ ಯಾವ ಕಾಗದವೂ ನಿಮ್ಮ ಕಾಲಕ್ಕೆ ಹೋಗಿ ಸೇರುವುದಿಲ್ಲವೆಂದು ಇಲ್ಲಿ ಎಲ್ಲರಿಗೂ ಗೊತ್ತಿದೆ. ಆದರೂ ಬರೆಯುತ್ತೇವೆ, ಕೈಕಟ್ಟಿ ಕೂರುವುದಕ್ಕಿಂತ ಇದು ವಾಸಿ. ಹಿಂದೋಲೆಗೆ ಒಂದೇ ನಿಯಮ: ಬೈಯಬಾರದು. ಹಿಂದಿನವರಿಗೆ ಮುಂದಿನದು ಗೊತ್ತಿರಲಿಲ್ಲ, ಆದ್ದರಿಂದ ಬೈಯಬಾರದು. ನಾನು ಆ ನಿಯಮವನ್ನು ಮುರಿಯಲಿದ್ದೇನೆ. ಅಜ್ಜಿ, ನನಗೆ ನಿನ್ನ ಮೇಲೆ ತುಂಬ ಸಿಟ್ಟಿದೆ. ನನ್ನ ತಂಗಿ ಹುಲಿಗೆವ್ವ ಪಕ್ಕದ ಕೋಣೆಯಲ್ಲಿ ಮಲಗಿದ್ದಾಳೆ, ಅವಳನ್ನು ಉಳಿಸಲು ಬೇಕಾದ ಒಂದೇ ಒಂದು ಗೆರೆಯನ್ನು ನೀನು ಇನ್ನೂರಮೂವತ್ತೈದು ವರ್ಷಗಳ ಹಿಂದೆ ಅಳಿಸಿಬಿಟ್ಟೆ.

ಮೊದಲು ನಮ್ಮ ಬದುಕು ಹೇಗಿದೆ ಎಂದು ಹೇಳುತ್ತೇನೆ. ಚಿನ್ನ ಮುಗಿದ ಮೇಲೆ ಈ ಗಣಿ ಬಹಳ ಕಾಲ ಖಾಲಿ ಬಿದ್ದಿತ್ತಂತೆ. ಆಮೇಲೆ ನಮ್ಮಂಥವರು ಬಂದೆವು, ಇಲ್ಲಿನ ನಿಶ್ಚಲತೆಗಾಗಿ. ಭೂಮಿಯ ಮೇಲೆ ಗಾಳಿಯಂತ್ರಗಳೂ ನೀರೆತ್ತುವ ಕೊಳವೆಗಳೂ ಹಗಲಿಡೀ ಗುಡುಗುಟ್ಟುತ್ತವೆ. ಹದಿನೆಂಟನೆಯ ಮಟ್ಟದಲ್ಲಿ ಬಂಡೆ ಅಲ್ಲಾಡುವುದಿಲ್ಲ, ಸೆಖೆ ಏರುವುದಿಲ್ಲ, ಇಳಿಯುವುದಿಲ್ಲ. ನಾವು ಎಪ್ಪತ್ತು ಜನ ಇದ್ದೇವೆ. ಬೆಳಿಗ್ಗೆ ತೊಟ್ಟಿಲಲ್ಲಿ ಇಳಿಯುತ್ತೇವೆ (ತೊಟ್ಟಿಲೆಂದರೆ ಹಗ್ಗದ ಪಂಜರ, ಮೂವರಿಗೆ ಮಾತ್ರ ಜಾಗ), ಸಂಜೆ ಹತ್ತುತ್ತೇವೆ. ಪಾದರಕ್ಷೆ ಬಾಗಿಲಲ್ಲೇ ಬಿಟ್ಟು ಉಣ್ಣೆಯ ಕಾಲುಚೀಲದಲ್ಲಿ ಓಡಾಡುತ್ತೇವೆ. ಸೀನು ಬಂದರೆ ಹೊರಗೆ ಓಡುತ್ತೇವೆ. ಇಲ್ಲಿ ಮಾಡುವ ಕೆಲಸ ನಿನಗೆ ಗೊತ್ತಿರುವುದೇ, ನಿಮ್ಮಿಂದಲೇ ಬಂದದ್ದು: ಗುರುತು ಹಚ್ಚದೆ ನೋಡುವುದು. ಎರಡು ಪ್ರೋಟೀನುಗಳು ಒಂದನ್ನೊಂದು ಹಿಡಿಯುತ್ತವೆಯೇ, ಹಿಡಿದರೆ ಎಷ್ಟು ಹೊತ್ತಿಗೆ ಬಿಡುತ್ತವೆ ಎಂದು ತಿಳಿಯಲು ಹಿಂದೆ ಅವಕ್ಕೆ ಹೊಳೆಯುವ ಬಣ್ಣದ ಬಾಲ ಕಟ್ಟುತ್ತಿದ್ದರು. ಬಾಲ ಕಟ್ಟಿಸಿಕೊಂಡ ಪ್ರೋಟೀನು ಮೊದಲಿನಂತೆ ನಡೆದುಕೊಳ್ಳುವುದಿಲ್ಲ. ಭಾರದ ಸೀರೆ ಉಟ್ಟ ಮದುಮಗಳು ಮನೆಯಲ್ಲಿದ್ದ ಹಾಗೆ ಓಡಾಡುತ್ತಾಳೆಯೇ? ಅದಕ್ಕೇ ಕೂದಲಿಗಿಂತ ಸಾವಿರ ಪಾಲು ತೆಳುವಾದ ಚಿನ್ನದ ಬಿಲ್ಲೆಯ ಮೇಲೆ ಒಂದು ಪ್ರೋಟೀನನ್ನು ಕೂರಿಸಿ, ಮೇಲಿಂದ ಇನ್ನೊಂದನ್ನು ನೀರಿನಲ್ಲಿ ಹರಿಸಿ, ಕೆಳಗಿನಿಂದ ಬೆಳಕು ಬಿಡುವುದು. ಯಾವುದಾದರೂ ಬಂದು ಕೂತರೆ ಬೆಳಕು ಮರಳುವ ಕೋನ ಒಂಚೂರು ಬದಲಾಗುತ್ತದೆ, ಪರದೆಯ ಮೇಲೆ ಗೆರೆ ಏರುತ್ತದೆ. ಎದ್ದು ಹೋದರೆ ಇಳಿಯುತ್ತದೆ. ಅಷ್ಟೇ ವಿದ್ಯೆ. ಮುಟ್ಟದೆ, ಬಣ್ಣ ಬಳಿಯದೆ, ಸುಮ್ಮನೆ ನೋಡುವುದು.

ಬಿಲ್ಲೆಯ ಮೇಲೆ ಎರಡು ಸಣ್ಣ ಓಣಿಗಳಿರುತ್ತವೆ. ಒಂದರಲ್ಲಿ ನಾವು ನೋಡಬೇಕಾದ ಪ್ರೋಟೀನು. ಇನ್ನೊಂದರಲ್ಲಿ ಅದು ಇರುವುದಿಲ್ಲ, ಸಾಧಾರಣ ರಕ್ತದ ತಿಳಿ ಮಾತ್ರ ಇರುತ್ತದೆ. ಅದು ಖಾಲಿ ಓಣಿ. ಚಿನ್ನ ಬಿಸಿಯಾದರೆ, ನೀರು ನಡುಗಿದರೆ ಎರಡೂ ಓಣಿಗಳ ಗೆರೆ ಒಟ್ಟಿಗೆ ಕದಲುತ್ತದೆ. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಉಳಿಯುವುದು ನಿಜವಾದ ಹಿಡಿತ. ಇಷ್ಟೆಲ್ಲ ನಿನಗೇ ಹೇಳುತ್ತಿದ್ದೇನೆ, ನೋಡು. ಕಾಗದವನ್ನು ಗಟ್ಟಿಯಾಗಿ ಓದುವಾಗ ಕೇಳಿಸಿಕೊಳ್ಳುವ ಹುಲಿಗೆವ್ವನಿಗೆ ಅರ್ಥವಾಗಲೆಂದು ಬರೆದೆ.

ಹುಲಿಗೆವ್ವ ಯಂತ್ರದವಳಲ್ಲ, ರೊಟ್ಟಿಯವಳು. ನಮ್ಮ ಮೇಲಿನ ಹದಿನೇಳನೆಯ ಮಟ್ಟದಲ್ಲಿ ಅಡಿಗೆಮನೆ ಇದೆ. ಅಲ್ಲಿ ಇಪ್ಪತ್ತು ವರ್ಷದಿಂದ ಎಪ್ಪತ್ತು ಜನಕ್ಕೆ ಜೋಳದ ರೊಟ್ಟಿ ಬಡಿಯುವವಳು ಅವಳು. ಎಲ್ಲ ಊರುಗಳಲ್ಲೂ ಈಗ ರೊಟ್ಟಿ ಒತ್ತುವ ಯಂತ್ರಗಳಿವೆ, ನಮ್ಮ ಗಣಿಯಲ್ಲಿ ಮಾತ್ರ ಅದರ ಸದ್ದು ಬೇಡವೆಂದು ಕೈರೊಟ್ಟಿ ಉಳಿಯಿತು. ತಮಾಷೆಯೆಂದರೆ ಅವಳ ಕೈಯ ಬಡಿತವೂ ನಮಗೆ ತಾಪತ್ರಯವೇ. ಬಂಡೆಯೊಳಗಿನಿಂದ ಇಳಿದುಬಂದು ಅದು ಗೆರೆಯ ಮೇಲೆ ಸಾಸಿವೆ ಕಾಳಿನಷ್ಟು ಗಂಟುಗಳನ್ನು ಮೂಡಿಸುತ್ತಿತ್ತು. ಯಂತ್ರ ನೋಡಿಕೊಳ್ಳುವ ಮೌನೇಶಣ್ಣ, ಎಪ್ಪತ್ತು ದಾಟಿದ ಮುದುಕ, ದಿನಾ ಹನ್ನೊಂದು ಗಂಟೆಗೆ ಮೇಲಕ್ಕೆ ಮುಖ ಮಾಡಿ ಕೂಗುತ್ತಿದ್ದ: "ಏ ಹುಲಿಗೆವ್ವಾ, ಮೆಲ್ಲಕ ಬಡೀಯವ್ವಾ, ನನ್ನ ಗೆರಿ ಕುಣ್ಯಾಕತ್ತೈತಿ!" ಮೇಲಿನಿಂದ ಉತ್ತರ ಬರುತ್ತಿತ್ತು: "ಕುಣೀಲಿ ಬಿಡೋ ಅಣ್ಣಾ, ಕುಣಿಯೂದ್ರಾಗ ತಪ್ಪೇನೈತಿ? ರೊಟ್ಟಿ ಬ್ಯಾಡಾದ್ರ ಹೇಳು, ನಿಲ್ಲಸ್ತೀನಿ." ರೊಟ್ಟಿ ಬೇಡವೆಂದು ಅವನು ಒಂದು ದಿನವೂ ಹೇಳಲಿಲ್ಲ. ಆ ಗಂಟುಗಳು ಎರಡೂ ಓಣಿಗಳಲ್ಲಿ ಸಮನಾಗಿ ಮೂಡುತ್ತಿದ್ದವು, ಖಾಲಿ ಓಣಿಯನ್ನು ಕಳೆದಾಗ ಮಾಯವಾಗುತ್ತಿದ್ದವು.

ಹೋದ ವರ್ಷ ಅವಳ ಬಲಗೈ ತಪ್ಪತೊಡಗಿತು. ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ಹರಕು. ಮೊದಲು ನಗಾಡಿದೆವು. ಆಮೇಲೆ ಎಡಗೈ. ಇದಕ್ಕೆ ನಾವು ಕೈಮರೆವು ಎನ್ನುತ್ತೇವೆ: ಕೈಗೆ ತನ್ನ ಕೆಲಸ ಮರೆತುಹೋಗುತ್ತದೆ, ಮುಂದೆ ಗಂಟಲಿಗೆ ನುಂಗುವುದು, ಕೊನೆಗೆ ಎದೆಗೆ ಉಸಿರಾಡುವುದು. ಇದರ ಮೂಲ ಹುಟ್ಟುಮದ್ದು, ಹುಟ್ಟಿದಂದಿನಿಂದಲೇ ಎಲ್ಲರ ಮೈ ಸೇರುವ ಮದ್ದು. ನಿನ್ನ ಕಾಲವಾದ ಐವತ್ತು ವರ್ಷಕ್ಕೆ ಒಂದು ದೊಡ್ಡ ಜ್ವರ ಬಂತು; ಅದರಿಂದ ಜಗತ್ತನ್ನು ಉಳಿಸಿದ ಮದ್ದು ಅದು. ಜ್ವರ ಮತ್ತೆ ಮತ್ತೆ ಬರುತ್ತದೆಂದು ಆಗಿನವರು ಅದನ್ನು ಕುಡಿಯುವ ನೀರಿಗೇ ಸೇರಿಸಿದರು. ಈಗ ಅದು ನೀರಿನಲ್ಲಿದೆ, ಜೋಳದಲ್ಲಿದೆ, ತಾಯಿಯ ಹಾಲಿನಲ್ಲಿದೆ. ಆ ಜ್ವರ ಬರುವ ಎಷ್ಟೋ ಮೊದಲು, ಮದ್ದು ಇನ್ನೂ ಪ್ರಯೋಗದಲ್ಲಿದ್ದಾಗ, ಅದು ರಕ್ತದಲ್ಲಿ ಯಾವುದನ್ನು ಹಿಡಿಯುತ್ತದೆ, ಯಾವುದನ್ನು ಹಿಡಿಯುವುದಿಲ್ಲ ಎಂದು ಮೊದಲು ಅಳೆದವಳು ನೀನು. ನಿನ್ನ ಅಳತೆ ಸರಿಯಾಗಿಯೇ ಇತ್ತು. ಕೋಟ್ಯಂತರ ಜನ ಅದರಿಂದ ಬದುಕಿದರು, ಅದಕ್ಕೆ ನಿನಗೆ ನಮಸ್ಕಾರ. ಆದರೆ ಕೆಲವು ವಂಶಗಳ ನರಗಳಲ್ಲೂ ರಕ್ತದಲ್ಲೂ ಒಂದು ಪ್ರೋಟೀನು ಸ್ವಲ್ಪ ಬೇರೆ ಥರ ಮಡಚಿಕೊಂಡಿದೆ. ಮದ್ದು ಅದನ್ನೂ ಹಿಡಿಯುತ್ತದೆ. ಅಂಥ ವಂಶಗಳಲ್ಲಿ ನಮ್ಮದೂ ಒಂದು.

ಇದಕ್ಕೆ ಇರುವ ದಾರಿ ತೊಳೆತ. ರೋಗಿಯನ್ನು ಮದ್ದಿಲ್ಲದ ಶುದ್ಧ ನೀರಿನ ಮೇಲಿಟ್ಟು, ರಕ್ತವನ್ನು ಹೊರಗೆ ಹರಿಸಿ ಸೋಸಿ ಒಳಗೆ ಬಿಡುವುದು. ಬೇಗದ ತೊಳೆತಕ್ಕೆ ಒಂಬತ್ತು ದಿನ, ನಿಧಾನದ್ದಕ್ಕೆ ನಲವತ್ತು. ಮದ್ದು ಪ್ರೋಟೀನನ್ನು ಬೇಗ ಬಿಡುವಂಥದ್ದಾದರೆ ಒಂಬತ್ತು ದಿನ ಸಾಕು. ನಿಧಾನವಾಗಿ ಬಿಡುವಂಥದ್ದಾದರೆ ಬೇಗದ ತೊಳೆತ ಮದ್ದಿನ ಜೊತೆಗೆ ಪ್ರೋಟೀನನ್ನೂ ನರದಿಂದ ಕಿತ್ತುಬಿಡುತ್ತದೆ, ಉಸಿರು ನಿಲ್ಲುತ್ತದೆ. ಹಾಗಾದರೆ ನಲವತ್ತು ದಿನವೇ ಇರಲಿ ಎಂದರೆ, ಅಷ್ಟು ದಿನ ಮದ್ದಿಲ್ಲದ ಮೈಗೆ ಜ್ವರ ತಗುಲುತ್ತದೆ; ಹತ್ತು ಜನರಲ್ಲಿ ನಾಲ್ವರು ಏಳುವುದಿಲ್ಲ. ಆದ್ದರಿಂದ ನಮಗೆ ಗೊತ್ತಾಗಬೇಕಿದ್ದು ಒಂದೇ ಸಂಗತಿ: ಹಿಡಿದ ಮೇಲೆ ಎಷ್ಟು ಹೊತ್ತಿಗೆ ಬಿಡುತ್ತದೆ?

ನೀವೇ ಅಳೆಯಬಹುದಲ್ಲ ಎನ್ನುತ್ತೀ. ಅಳೆದೆವು, ಇಪ್ಪತ್ತಾರು ಸಲ. ಒಂದು ಓಣಿಯಲ್ಲಿ ಹುಲಿಗೆವ್ವನ ರಕ್ತದ ತಿಳಿ ಇಟ್ಟೆವು. ಖಾಲಿ ಓಣಿಯಲ್ಲಿ ಏನಿಡಬೇಕು? ಮದ್ದು ಸೋಕದ ರಕ್ತ ಬೇಕು, ಅದೂ ಪ್ರೋಟೀನು ನಮ್ಮಲ್ಲಿಯ ಹಾಗೆ ಮಡಚಿಕೊಂಡದ್ದು, ನಮ್ಮ ವಂಶದ ಮಡಿಕೆಯದ್ದು. ಅಂಥದ್ದು ಈಗ ಲೋಕದಲ್ಲೇ ಇಲ್ಲ. ನಿಮ್ಮ ಕಾಲದವರು ಹೆಪ್ಪುಗಟ್ಟಿಸಿಟ್ಟ ಸೀಸೆಗಳು ಕರೆಂಟಿಲ್ಲದ ವರ್ಷಗಳಲ್ಲಿ ಕೆಟ್ಟುಹೋದವು. ಸೂಕ್ಷ್ಮಜೀವಿಗಳ ಕೈಯಲ್ಲಿ ಆ ಪ್ರೋಟೀನನ್ನು ಬೆಳೆಸಿ ನೋಡಿದೆವು. ಮೈಯೊಳಗೆ ಅದಕ್ಕೆ ಅಂಟಿಕೊಳ್ಳುವ ಸಕ್ಕರೆಯ ಎಳೆಗಳು ಅಲ್ಲಿ ಅಂಟಲಿಲ್ಲ, ಮದ್ದು ಅದನ್ನು ತಿರುಗಿಯೂ ನೋಡಲಿಲ್ಲ. ಖಾಲಿ ಓಣಿಯಿಲ್ಲದೆ ಗೆರೆ ಏರಿದರೆ ಯಾಕೆ ಏರಿತು, ಇಳಿದರೆ ಯಾಕೆ ಇಳಿಯಿತು, ಯಾರಿಗೆ ಗೊತ್ತು? ಗುರುತು ಹಚ್ಚದೆ ನೋಡುವ ವಿದ್ಯೆಯಲ್ಲಿ ನಮ್ಮಷ್ಟು ಪಳಗಿದವರಿಲ್ಲ, ಆದರೆ ಗುರುತು ಹಚ್ಚದ ಮೈ ಒಂದೂ ಉಳಿದಿಲ್ಲ.

ಆಗ ಮೌನೇಶಣ್ಣ ಮೇಲಿನ ಗ್ರಂಥಶಾಲೆಯಿಂದ ನಿನ್ನ ನೋಟ್‌ಬುಕ್ಕು ತಂದ. ನಲವತ್ತೊಂದನೆಯ ಪುಟ. ಅಂದು ಅಂಗಡಿಯಿಂದ ತರಿಸಿದ ರಕ್ತದ ತಿಳಿ ಮುಗಿದಿತ್ತು, ಆದ್ದರಿಂದ ಖಾಲಿ ಓಣಿಗೆ ನಿನ್ನದೇ ರಕ್ತ ತೆಗೆದು ಹಾಕಿದೆಯೆಂದು ಬರೆದಿದ್ದೀ. ಮದ್ದು ಸೋಕದ ರಕ್ತ, ನಮ್ಮ ವಂಶದ ಮಡಿಕೆ! ನಮಗೆ ಬೇಕಿದ್ದ ಪ್ರಯೋಗವನ್ನು ನೀನು ಗೊತ್ತಿಲ್ಲದೆ ಮಾಡಿಬಿಟ್ಟಿದ್ದೆ. ಕೆಳಗೆ ನಿನ್ನ ಗಡಿಬಿಡಿಯ ಅಕ್ಷರ: "ಮದ್ದು ಹರಿಸಿದೆ. ಖಾಲಿ ಓಣಿ ಹದಿನಾಲ್ಕು ಅಂಕ ಏರಿದೆ. ಮೂರು ನಿಮಿಷ ತೊಳೆದೆ. ಇಳಿಯುತ್ತಿರುವ ಹಾಗಿದೆ. ನನ್ನ ಸಮಯ ಮುಗಿಯಿತು, ಮುಂದಿನವರು ಬಾಗಿಲಲ್ಲಿ ಕಾಯುತ್ತಿದ್ದಾರೆ. ಕಳೆದೆ, ಮೂಲ ಗೆರೆ ಅಳಿಸಿದೆ." ಅಷ್ಟೇ. ಅದರ ಕೆಳಗೆ ಸಂಜೆಯ ಬಸ್ಸಿನ ಹೊತ್ತು, ಐದೂವರೆ.

ಅಜ್ಜಿ, ಯಂತ್ರದ ಮುಂದೆ ಇನ್ನು ಕಾಲು ಗಂಟೆ ಕೂತಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ಬಾಗಿಲಲ್ಲಿ ಕಾಯುತ್ತಿದ್ದವರು ಇನ್ನಷ್ಟು ಕಾಯುತ್ತಿದ್ದರು. ಬಸ್ಸು ತಪ್ಪಿದರೆ ಇನ್ನೊಂದು ಬರುತ್ತಿತ್ತು. ಅದೂ ಹೋಗಲಿ, ಅಳಿಸುವುದಾದರೂ ಯಾಕೆ? ಒಂದು ಗೆರೆ, ಅಕ್ಕಿಕಾಳಿನಷ್ಟೂ ಜಾಗ ಹಿಡಿಯದ ಗೆರೆ. ಖಾಲಿ ಓಣಿಯಲ್ಲಿ ಏನಾದರೂ ಏರಿದರೆ ಅದು ಖಾಲಿಯಲ್ಲ ಎಂದು ನಿನಗೆ ಹೊಳೆಯಲಿಲ್ಲವೇ? ನೋಡು, ಬೈದೇಬಿಟ್ಟೆ. ಓದುವಾಗ ಮೌನೇಶಣ್ಣ ಹುಬ್ಬು ಗಂಟಿಕ್ಕುತ್ತಾನೆ, ಇಕ್ಕಲಿ.

ನಿನ್ನ ಆ ಸಾಲನ್ನು ನಾವು ಮೂವರೂ ಹತ್ತು ದಿನ ತಿರುವಿ ಹಾಕಿದೆವು. ಮೂರೇ ನಿಮಿಷದಲ್ಲಿ ಇಳಿಯತೊಡಗಿತ್ತು ಎಂದರೆ ಬೇಗ ಬಿಡುತ್ತದೆ ಎಂದು ಅರ್ಥ. ನಾನು ಹಾಗೆಂದೆ. ಮೌನೇಶಣ್ಣ ಒಪ್ಪಲಿಲ್ಲ: "'ಹಾಗಿದೆ' ಅಂದಾಳ ನೋಡು. ಇಳೀತು ಅಂದಿಲ್ಲ. ಆ ಒಂದ್ ಮಾತಿನ ಮ್ಯಾಗ ಜೀವ ಹಚ್ಚಬ್ಯಾಡ, ಅಮರವ್ವಾ." ಹುಲಿಗೆವ್ವ ದಿಂಬಿಗೆ ಒರಗಿ ಕೇಳುತ್ತಿದ್ದಳು. ಆಗಲೇ ಅವಳ ನಾಲಿಗೆ ದಪ್ಪವಾಗಿತ್ತು, ಮಾತು ಮುದ್ದೆಯಾಗಿ ಬರುತ್ತಿತ್ತು. "ನಮ್ಮ ಮನಿ ಹೆಣ್ಮಗಳು ಬರದಾಳ" ಎಂದಳು. "ಸುಳ್ಳ್ಯಾಕ ಬರೀತಾಳ? ನಲವತ್ತ ದಿನ ಜ್ವರಕ್ಕ ಹೆದರಿಕೋಂತ ಮಲಗೂದು ನನ್ನ ಕೈಲೆ ಆಗೂದಿಲ್ಲ. ಒಂಬತ್ತು ದಿನದ್ದ ಇರಲಿ." ಆಮೇಲೆ ನನ್ನ ಕಡೆ ನೋಡಿದಳು. ನಾನು ಬೇಡವೆನ್ನಬಹುದಿತ್ತು. ಗೆರೆ ಓದುವುದು ನನ್ನ ಕಸುಬು, ಅವಳದ್ದಲ್ಲ. ನಾನು ಹೂಂ ಎಂದೆ. ನನಗೂ ಆ ಸಾಲು ಬೇಕಾಗಿತ್ತು.

ನಾಳೆ ಬೆಳಿಗ್ಗೆ ಎಂಟಕ್ಕೆ ತೊಳೆತ ಶುರು. ಹೂಂ ಎಂದ ದಿನದಿಂದ ನಾನು ದಿನಾ ನಲವತ್ತೊಂದನೆಯ ಪುಟ ತೆರೆದು ನೋಡುತ್ತಿದ್ದೇನೆ. ಹೇಗೋ, ಯಾವುದೋ ದಾರಿಯಲ್ಲಿ ಈ ಕಾಗದ ನಿನಗೆ ಮುಟ್ಟಿ, ನೀನು ಇನ್ನೊಂದು ಕಾಲು ಗಂಟೆ ಕೂತು, "ಪೂರ್ತಿ ಇಳಿಯಿತು" ಎಂದೋ "ಇಳಿಯಲೇ ಇಲ್ಲ" ಎಂದೋ ಬರೆದಿದ್ದರೆ, ಆ ಅಕ್ಷರ ಈ ಪುಟದಲ್ಲಿ ಮೂಡಿರಬೇಕಲ್ಲ? ಐವತ್ತೆರಡು ವರ್ಷದ ಹೆಂಗಸು, ಅಳತೆಯ ಕಸುಬಿನವಳು, ಮಕ್ಕಳ ಹಾಗೆ ಪುಟ ತಿರುವಿ ನೋಡುತ್ತೇನೆ. ಈಗಷ್ಟೇ ನೋಡಿದೆ. ಚಹಾದ ಕಲೆ ಇದ್ದಲ್ಲೇ ಇದೆ, ಬಸ್ಸಿನ ಹೊತ್ತೂ ಇದ್ದಲ್ಲೇ ಇದೆ.

ಮಾರ್ಚ್ 22

ಕಾಗದವನ್ನು ಮೇಲಿನ ಸಾಲಿಗೆ ನಿಲ್ಲಿಸಿದ್ದೆ. ಯಂತ್ರದ ಮುಂದೆ ಓದಿರಲಿಲ್ಲ, ಪೆಟ್ಟಿಗೆಗೆ ಹಾಕಿರಲಿಲ್ಲ. ಇನ್ನು ಮುಗಿಸಬೇಕು.

ಹುಲಿಗೆವ್ವ ತೊಳೆತದ ಒಂಬತ್ತನೆಯ ದಿನ ಮಧ್ಯಾಹ್ನ ತೀರಿಕೊಂಡಳು. ಐದನೆಯ ದಿನದ ತನಕ ಚೆನ್ನಾಗಿಯೇ ಇದ್ದಳು, ಬೆರಳು ಆಡಿಸಿ ತೋರಿಸಿದಳು. ನನ್ನ ಅಂಗೈ ಮೇಲೆ ನಾಲ್ಕು ಸಲ ತಟ್ಟಿ, "ಹಿಟ್ಟು ತಾ, ಬಡೀತೀನಿ" ಎಂದಳು. ನಾವು ಮೂವರೂ ನಕ್ಕೆವು, ಅಂದು ಸಂಜೆ ತೊಟ್ಟಿಲಲ್ಲಿ ಮೇಲೆ ಹೋಗುವಾಗ ನಾನು ಹಾಡು ಗುನುಗಿದೆ. ಏಳನೆಯ ದಿನ ಗಂಟಲು ಕಟ್ಟಿತು. ಎಂಟನೆಯ ದಿನ ತೊಳೆತ ನಿಲ್ಲಿಸೋಣವೆಂದು ಮೌನೇಶಣ್ಣ ವೈದ್ಯರ ಕೈಹಿಡಿದು ಬೇಡಿದ. ನಡುವೆ ನಿಲ್ಲಿಸಿದರೆ ಸೋಸದ ರಕ್ತ ಒಮ್ಮೆಲೇ ನುಗ್ಗಿ ಇನ್ನೂ ಕೇಡಾಗುತ್ತದೆಂದು ವೈದ್ಯರು ಹೇಳಿದರು. ಮಾಡುವಂಥದ್ದು ಏನೂ ಇರಲಿಲ್ಲ. ಅವಳ ಉಸಿರು ಎಣಿಸುತ್ತ ಕೂತಿದ್ದೆ. ಮಧ್ಯಾಹ್ನ ಎರಡರ ಹೊತ್ತಿಗೆ ಎಣಿಸಲು ಏನೂ ಉಳಿಯಲಿಲ್ಲ.

ಅವಳ ಮೂರನೆಯ ದಿನದ ಕಾರ್ಯ ಮುಗಿದ ಮೇಲೆ ಮೌನೇಶಣ್ಣ ನನ್ನ ಬಳಿ ಬಂದ. ಅವನ ಕೈಯಲ್ಲಿ ಹನ್ನೊಂದು ಸಣ್ಣ ಸೀಸೆಗಳಿದ್ದವು, ಕೊನೆಯ ದಿನ ಸೋಸುವಾಗ ತೆಗೆದಿಟ್ಟ ಅವಳ ರಕ್ತ. ಹೇಳಲಾರದೆ ಹೇಳಿದ: "ಅಮರವ್ವಾ, ಇದರಾಗ ಮದ್ದು ಇಲ್ಲ. ಒಂದು ಹನಿನೂ ಇಲ್ಲ." ಇನ್ನೂರು ವರ್ಷಗಳಲ್ಲಿ ಮೊದಲ ಸಲ, ಮದ್ದು ಸೋಕದ ರಕ್ತ, ನಮ್ಮ ವಂಶದ ಮಡಿಕೆಯದ್ದು. ಅದೇ ನಮ್ಮಲ್ಲಿ ಇರಲಿಲ್ಲವೆಂದು ನಾವು ಗೋಳಾಡಿದ ಖಾಲಿ ಓಣಿ. ನನಗೆ ಅವನ ಮುಖಕ್ಕೆ ಉಗಿಯಬೇಕೆನ್ನಿಸಿತು. ಆಮೇಲೆ ಇಬ್ಬರೂ ಅತ್ತೆವು. ತೊಳೆತದ ಮನೆಯಲ್ಲಿ ಇನ್ನೂ ಆರು ಜನ ಕೈಮರೆವಿನವರು ಕಾಯುತ್ತಿದ್ದರು, ಬೇಗದ್ದೋ ನಿಧಾನದ್ದೋ ಎಂದು ಕೇಳುತ್ತಿದ್ದರು. ಮರುದಿನ ಬಿಲ್ಲೆ ತೊಳೆದು ಕೂರಿಸಿದೆವು. ಒಂದು ಓಣಿಯಲ್ಲಿ ತೊಳೆತಕ್ಕೆ ಮೊದಲಿನ ಹುಲಿಗೆವ್ವ, ಮದ್ದು ಹಿಡಿದವಳು. ಇನ್ನೊಂದರಲ್ಲಿ ಕೊನೆಯ ದಿನದ ಹುಲಿಗೆವ್ವ, ಮದ್ದಿಲ್ಲದವಳು. ಎರಡರ ಮೇಲೂ ಬರೀ ಶುದ್ಧ ನೀರು ಹರಿಸಿ, ಮದ್ದು ಯಾವಾಗ ಬಿಟ್ಟು ಹೋಗುತ್ತದೆಂದು ನೋಡುತ್ತ ಕೂತೆವು.

ಮೊದಲ ಐದು ನಿಮಿಷ ಎರಡೂ ಗೆರೆಗಳು ನೇರ. ಆಗ ಮೌನೇಶಣ್ಣ ಚಹಾ ತರಲೆಂದು ಬಾಗಿಲು ತೆರೆದ. ಹೊರಗಿನ ಸುರಂಗದ ತಣ್ಣನೆಯ ಗಾಳಿ ಒಳಗೆ ಬಂತು, ಎರಡೂ ಗೆರೆಗಳು ಒಟ್ಟಿಗೆ ಕೊಂಚ ಇಳಿದವು. ಮದ್ದಿದ್ದದ್ದೂ ಇಳಿಯಿತು, ಮದ್ದಿಲ್ಲದ್ದೂ ಇಳಿಯಿತು. ಬಾಗಿಲು ಮುಚ್ಚಿದ ಮೇಲೆ ಮೆಲ್ಲನೆ ಏರಿ ಮೊದಲಿನ ಜಾಗಕ್ಕೆ ಬಂದವು. ನಾನು ನಲವತ್ತೊಂದನೆಯ ಪುಟ ತೆರೆದೆ. ಅಜ್ಜಿ, ಮುಂದಿನವರು ಬಾಗಿಲಲ್ಲಿ ಕಾಯುತ್ತಿದ್ದಾರೆ ಎಂದು ಬರೆದಿದ್ದೆಯಲ್ಲ. ಅವರು ಇನ್ನೆಷ್ಟು ಹೊತ್ತು ಎಂದು ಕೇಳಲು ಬಾಗಿಲು ತೆರೆದಿರಬೇಕು. ನಿನ್ನ ಚಿನ್ನ ತಣ್ಣಗಾಗಿರಬೇಕು. ಇಳಿಯುತ್ತಿರುವ ಹಾಗೆ ನಿನಗೆ ಕಂಡದ್ದು ಅದೇ. ಅದು ಮದ್ದಲ್ಲ, ಬಾಗಿಲು. ಆ ಬಾಗಿಲಿನ ಗಾಳಿಯನ್ನು ನಂಬಿ ನಾನು ನನ್ನ ತಂಗಿಯನ್ನು ಒಂಬತ್ತು ದಿನದ ತೊಳೆತಕ್ಕೆ ಒಪ್ಪಿಸಿದೆ.

ಗೆರೆ ನಿಜವಾಗಿ ಇಳಿಯತೊಡಗಿದ್ದು ಮೂರನೆಯ ದಿನ. ಇವತ್ತಿಗೆ ಹತ್ತು ದಿನ, ಇನ್ನೂ ಅರ್ಧ ದಾರಿಯಲ್ಲಿದೆ. ಮದ್ದು ಬಿಡುತ್ತದೆ, ಆದರೆ ಬಹಳ ನಿಧಾನವಾಗಿ. ಅಂದರೆ ಜ್ವರದ ಅಪಾಯ ಏನೇ ಇರಲಿ, ನಲವತ್ತು ದಿನದ್ದೇ ಸರಿ. ಕಾಯುತ್ತಿರುವ ಆರು ಜನಕ್ಕೂ ಇವತ್ತು ಬೆಳಿಗ್ಗೆ ಹಾಗೆಂದು ಹೇಳಿಕಳಿಸಿದೆ. ಹುಲಿಗೆವ್ವನಿಗೂ ಅದೇ ಸರಿಯಾಗುತ್ತಿತ್ತು. ಇಲ್ಲಿ ಶಾಯಿ ಚೆಲ್ಲಿದ್ದಕ್ಕೆ ಕ್ಷಮಿಸು.

ಮೇಲೆ ನಿನ್ನನ್ನು ಬೈದದ್ದನ್ನು ಹೊಡೆದುಹಾಕುವುದಿಲ್ಲ. ಬರೆದದ್ದನ್ನು ಅಳಿಸುವ ಅಭ್ಯಾಸ ನಮ್ಮ ಮನೆಯಲ್ಲಿ ಸಾಕಷ್ಟು ಆಗಿದೆ. ಆದರೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ನೀನು ಇನ್ನು ಕಾಲು ಗಂಟೆ ಕೂತಿದ್ದರೂ ಏನೂ ಕಾಣುತ್ತಿರಲಿಲ್ಲ. ಇಡೀ ದಿನ ಕೂತಿದ್ದರೂ ಕಾಣುತ್ತಿರಲಿಲ್ಲ. ಬಸ್ಸು ತಪ್ಪುತ್ತಿತ್ತು, ಅಷ್ಟೇ. ನೀನು ಕಂಡದ್ದನ್ನು ಕಂಡ ಹಾಗೆ ಬರೆದೆ, 'ಹಾಗಿದೆ' ಎಂದು ಮಾತ್ರ ಬರೆದೆ. ಅದನ್ನು 'ಹೌದು' ಎಂದು ಓದಿದವಳು ನಾನು. ಹೋಗಿ ಬಸ್ಸು ಹಿಡಿ ತಾಯಿ, ಮನೆಗೆ ಹೋಗು, ಉಣ್ಣು.

ಇವತ್ತು ಬೆಳಿಗ್ಗೆ, ಆ ಆರು ಜನಕ್ಕೆ ಹೇಳಿಕಳಿಸುವ ಮೊದಲು, ಈವರೆಗಿನ ಲೆಕ್ಕ ಕಟ್ಟುವ ಹೊತ್ತಿಗೆ ಯಂತ್ರ ಎಂದಿನ ಹಾಗೆ ಕೇಳಿತು: ಖಾಲಿ ಓಣಿಯನ್ನು ಕಳೆಯಬೇಕೇ? ಇಪ್ಪತ್ತೈದು ವರ್ಷದಿಂದ ಯೋಚಿಸದೆ ಒತ್ತುತ್ತಿದ್ದ ಗುಂಡಿ. ಅದರ ಮುಂದೆ ಎಷ್ಟು ಹೊತ್ತು ಕೂತೆನೋ ಗೊತ್ತಿಲ್ಲ. ಖಾಲಿ ಓಣಿಯಲ್ಲಿದ್ದವಳು ನನ್ನ ತಂಗಿ. ಮೌನೇಶಣ್ಣ ಹಿಂದೆ ನಿಂತಿದ್ದ. ಆರು ಜನ ಕಾಯುತ್ತಿದ್ದರು. ಒತ್ತಿದೆ. ಆಮೇಲೆ ಅದು ಎರಡನೆಯ ಪ್ರಶ್ನೆ ಕೇಳಿತು: ಮೂಲ ಗೆರೆಗಳನ್ನು ಅಳಿಸಬೇಕೇ? ನಿಮ್ಮ ಕಾಲದಿಂದಲೂ ಎಲ್ಲರೂ ಹೌದು ಎನ್ನುತ್ತ ಬಂದ ಪ್ರಶ್ನೆ, ನಾನೂ ಸಾವಿರ ಸಲ ಹೌದು ಎಂದಿದ್ದೇನೆ. ಬೇಡವೆಂದು ಒತ್ತಿದೆ. ಆಗ ಮೌನೇಶಣ್ಣ ಅಂಗಿಯ ಜೇಬಿನಿಂದ ಒಂದು ಮಡಚಿದ ಕಾಗದ ತೆಗೆದು ನನ್ನ ಮುಂದಿಟ್ಟ. ಎರಡು ವರ್ಷದ ಹಿಂದಿನ ಒಂದು ಮೂಲ ಗೆರೆ, ಬೆಳಗಿನ ಹನ್ನೊಂದು ಗಂಟೆಯದ್ದು. ಅಳಿಸಬೇಕಾದ್ದನ್ನು ಅಳಿಸದೆ ಕಳ್ಳತನದಿಂದ ಇಟ್ಟುಕೊಂಡಿದ್ದನಂತೆ, ಯಾಕೆಂದು ಅವನಿಗೂ ಗೊತ್ತಿಲ್ಲ.

ಅಜ್ಜಿ, ನನ್ನ ಕೋರಿಕೆ ಇಷ್ಟೇ. ಕಳೆಯಬೇಕಾದಾಗ ಕಳೆ, ಅದು ನಮ್ಮ ಕೆಲಸ. ಅಳಿಸಬೇಡ. ಈ ಕಾಗದ ನಿನಗೆ ಮುಟ್ಟುವುದಿಲ್ಲವೆಂದು ಬಲ್ಲೆ, ನಾಳೆ ಬೆಳಿಗ್ಗೆ ನಲವತ್ತೊಂದನೆಯ ಪುಟ ತೆರೆದು ನೋಡುತ್ತೇನೆಂದೂ ಬಲ್ಲೆ. ಮೌನೇಶಣ್ಣ ಕೊಟ್ಟ ಗೆರೆ ಈಗ ನನ್ನ ಮುಂದಿದೆ. ಅದರ ತುಂಬ ಸಾಸಿವೆ ಕಾಳಿನಂಥ ಗಂಟುಗಳು. ಬೆರಳಿಟ್ಟು ಎಣಿಸಿದೆ. ಒಂದು ರೊಟ್ಟಿಗೆ ನಲವತ್ತೆರಡು ಬಡಿತ. ಆಮೇಲೆ ಸ್ವಲ್ಪ ನೇರವಾದ ಗೆರೆ, ರೊಟ್ಟಿಯನ್ನು ಹಂಚಿಗೆ ಹಾಕುವ ಹೊತ್ತು. ಆಮೇಲೆ ಮತ್ತೆ ನಲವತ್ತೆರಡು.

ನಿನ್ನ
ಅಮರಮ್ಮ